ಒಣ ರಸ್ತೆಯಲ್ಲೂ ಮಿನುಗುವ ಟ್ರಾಕ್ಷನ್ ದೀಪ: ಆರು ದಿನದ ರಿಪೇರಿ ಟಿಪ್ಪಣಿ

ಗಾಡಿ: ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರ್, ಎಳೆಯುವುದು ಮುಂದಿನ ಚಕ್ರ. ಟೈರು 185/65 ಆರ್15. ಮುಂದೆ ಡಿಸ್ಕ್, ಹಿಂದೆ ಡ್ರಮ್. ಓಡಿರುವುದು 84,000 ಕಿ.ಮೀ.

ದೂರು: ಒಣಗಿದ ನೇರ ರಸ್ತೆ, ಮೊದಲ ಗೇರು, ಗಂಟೆಗೆ 8ರಿಂದ 15 ಕಿ.ಮೀ. ವೇಗ. ಆಕ್ಸಿಲರೇಟರ್ ಒತ್ತಿದರೂ ಎಂಜಿನ್ ಏಳುವುದಿಲ್ಲ, ಟ್ರಾಕ್ಷನ್ ದೀಪ ಎರಡು ಮೂರು ಸಲ ಮಿನುಗುತ್ತದೆ, ಆಮೇಲೆ ಗಾಡಿ ಜಗ್ಗಿ ಮುಂದೆ ಹೋಗುತ್ತದೆ. ಸಿಗ್ನಲ್ಲಿನಲ್ಲಿ ನಿಲ್ಲಿಸುವಾಗ ಕೊನೆಯ ಎರಡಡಿಯಲ್ಲಿ ಬ್ರೇಕ್ ಪೆಡಲ್ ಕಾಲಡಿ ಕರಕರ ಎನ್ನುತ್ತದೆ. 20 ದಾಟಿದ ಮೇಲೆ ಏನೂ ತೊಂದರೆ ಇಲ್ಲ.

ದೀಪದ ಬಗ್ಗೆ ಮೊದಲೇ ಒಂದು ಮಾತು. ಮಿನುಗಿದರೆ ಟ್ರಾಕ್ಷನ್ ಕಂಟ್ರೋಲ್ (ಎಳೆಯುವ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಆ ಹೊತ್ತಿಗೆ ಕೆಲಸ ಮಾಡುತ್ತಿದೆ ಎಂದು ಅರ್ಥ. ಆರದೆ ಉರಿಯುತ್ತಿದ್ದರೆ ದೋಷ ಸಿಕ್ಕಿ ತನ್ನಷ್ಟಕ್ಕೆ ತಾನು ಆಫ್ ಆಗಿದೆ, ಇಲ್ಲವೇ ಯಾರೋ ಗುಂಡಿ ಒತ್ತಿ ಆಫ್ ಮಾಡಿದ್ದಾರೆ. ಒದ್ದೆ ಕಬ್ಬಿಣದ ಮುಚ್ಚಳದ ಮೇಲೆ, ರಸ್ತೆಗೆ ಬಳಿದ ಬಣ್ಣದ ಪಟ್ಟಿಯ ಮೇಲೆ, ಜಲ್ಲಿಯ ಮೇಲೆ ಒಮ್ಮೆ ಮಿನುಗಿದರೆ ಅದು ರೋಗವಲ್ಲ. ಮುಂದಿನ ಚಕ್ರ ಹಿಂದಿನದಕ್ಕಿಂತ ಬೇಗ ತಿರುಗಿತು, ಆ ಚಕ್ರಕ್ಕೆ ಸ್ವಲ್ಪ ಬ್ರೇಕ್ ಬಿತ್ತು, ಎಂಜಿನ್ನಿನ ಜೋರು ತಗ್ಗಿತು, ಅಷ್ಟೇ. ಹಿಡಿತ ಚೆನ್ನಾಗಿರುವ ರಸ್ತೆಯಲ್ಲಿ, ಮೆಲ್ಲಗೆ ಹೊರಟಾಗ, ಪ್ರತಿ ಸಲವೂ ಮಿನುಗುವುದು ರೋಗ. ಇಲ್ಲಿರುವುದು ಅದೇ.

ದಿನ 1: ಕೋಡ್ ಮತ್ತು ಅಂಕಿ

ಎಂಜಿನ್ನಿನ ದೋಷ ಸಂಕೇತ (ಕೋಡ್) ಮಾತ್ರ ಓದುವ ಅಗ್ಗದ ರೀಡರ್ ಹಾಕಿ "ಯಾವ ದೋಷವೂ ಇಲ್ಲ" ಎಂದು ಓದಿಕೊಂಡು ಅರ್ಧ ಗಂಟೆ ಹೋಯಿತು. ಟ್ರಾಕ್ಷನ್ ಕಂಟ್ರೋಲ್ ಇರುವುದು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮಾಡ್ಯೂಲಿನೊಳಗೆ, ಅಂದರೆ ಅದರ ಕಂಪ್ಯೂಟರ್ ಪೆಟ್ಟಿಗೆಯೊಳಗೆ. ಅದರ ಜೊತೆ ಮಾತಾಡಬಲ್ಲ ಸ್ಕ್ಯಾನರ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕುವುದೇ ಬೇಡ.

ಸರಿಯಾದ ಸ್ಕ್ಯಾನರಿನಲ್ಲಿ ಬಂದದ್ದು ಸಿ0050: ಬಲ ಹಿಂದಿನ ಚಕ್ರದ ವೇಗ ಸೆನ್ಸರ್ ಸರ್ಕ್ಯೂಟ್, ಬಂದು ಹೋಗುವ ದೋಷ. ಕೋಡ್ ಅಳಿಸದೆ ಬರೆದಿಟ್ಟುಕೊಂಡು ಲೈವ್ ಡೇಟಾದಲ್ಲಿ ನಾಲ್ಕೂ ಚಕ್ರದ ವೇಗವನ್ನು ಒಂದೇ ಗ್ರಾಫಿಗೆ ಹಾಕಿದೆ. ಖಾಲಿ ಜಾಗದಲ್ಲಿ, ಪಕ್ಕದಲ್ಲಿ ಕೂತವರ ಕೈಗೆ ಸ್ಕ್ಯಾನರ್ ಕೊಟ್ಟು, 5 ಕಿ.ಮೀ. ವೇಗದಲ್ಲಿ ನೇರವಾಗಿ ಓಡಿಸಿದಾಗ ಮೂರು ಗೆರೆ ಒಂದರ ಮೇಲೊಂದು ಕೂತಿದ್ದವು. ಬಲ ಹಿಂದಿನದು ಮಾತ್ರ ನಡುನಡುವೆ 5ರಿಂದ 1ಕ್ಕೆ ಬಿದ್ದು ಮತ್ತೆ ಏಳುತ್ತಿತ್ತು.

ದೋಷ ಹಿಂದಿನ ಚಕ್ರದಲ್ಲಿ, ಏಟು ಮುಂದಿನದಕ್ಕೆ. ಎಂಜಿನ್ ಎಳೆಯದ ಹಿಂದಿನ ಚಕ್ರಗಳನ್ನೇ ಮಾಡ್ಯೂಲ್ ಗಾಡಿಯ ನಿಜವಾದ ವೇಗಕ್ಕೆ ಸಾಕ್ಷಿ ಎಂದು ನಂಬುತ್ತದೆ. ಸಾಕ್ಷಿ ಸುಳ್ಳು ಹೇಳಿದರೆ, ಸರಿಯಾಗಿ ಉರುಳುತ್ತಿರುವ ಮುಂದಿನ ಚಕ್ರ ಜಾರುತ್ತಿರುವಂತೆ ಕಾಣುತ್ತದೆ. ನಿಲ್ಲುವ ಹೊತ್ತಿನ ಕರಕರವೂ ಅದೇ ಕಥೆ, ತಿರುಗುಮುರುಗಾಗಿ: ಹಿಂದಿನ ಚಕ್ರ ಲಾಕ್ ಆಯಿತು ಎಂದುಕೊಂಡು ಎಬಿಎಸ್ ಬ್ರೇಕ್ ಬಿಡಿಸುತ್ತಿದೆ.

ದಿನ 2: ಖರ್ಚಿಲ್ಲದ ತಪಾಸಣೆಗಳು

ಕೋಡಿನಲ್ಲಿ "ಸೆನ್ಸರ್" ಎಂದಿದೆ ಎಂದು ಸೆನ್ಸರ್ ತರಲು ಓಡಬಾರದು. ಕೋಡ್ ಹೇಳುವುದು ಆ ತಂತಿಯಲ್ಲಿ ಬರಬೇಕಾದ ಮಾತು ಬರುತ್ತಿಲ್ಲ ಎಂದಷ್ಟೇ. ಬಾಯಿ ಯಾರದ್ದು ಕೆಟ್ಟಿದೆ ಎಂದು ಅದಕ್ಕೆ ಗೊತ್ತಿರುವುದಿಲ್ಲ.

ಬ್ಯಾಟರಿ: ನಿಂತಾಗ 12.5 ವೋಲ್ಟ್, ಎಂಜಿನ್ ಓಡುವಾಗ 14.2. ಸರಿ ಇದೆ. ವೋಲ್ಟೇಜ್ ಕುಸಿದರೂ ಈ ದೀಪಗಳು ಸಾಲಾಗಿ ಹತ್ತಿಕೊಳ್ಳುತ್ತವೆ, ಆದ್ದರಿಂದ ಮೊದಲು ನೋಡುವುದು ಇದನ್ನೇ.

ಟೈರು: ಗಾಳಿ ಸಮ ಮಾಡಿ, ಟೈರಿಗೂ ನೆಲಕ್ಕೂ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಂದು ಪೂರ್ತಿ ಸುತ್ತು ಗಾಡಿ ತಳ್ಳಿ ಟೇಪಿನಲ್ಲಿ ಅಳೆದೆ. ಮುಂದಿನವು 1,868 ಮಿ.ಮೀ., ಹಿಂದಿನವು 1,896 ಮಿ.ಮೀ. ಮುಂದಿನವು ಸವೆದಿರುವುದರಿಂದ 28 ಮಿ.ಮೀ. ಕಡಿಮೆ, ಅಂದರೆ ಶೇ. 1.5. ಇಷ್ಟು ವ್ಯತ್ಯಾಸವನ್ನು ಮಾಡ್ಯೂಲ್ ನುಂಗಿಕೊಳ್ಳುತ್ತದೆ. ಆದರೆ ಸವೆದ ಮುಂದಿನ ಚಕ್ರ ಯಾವಾಗಲೂ ಸ್ವಲ್ಪ ಬೇಗ ತಿರುಗುತ್ತಲೇ ಇರುವುದರಿಂದ, ಜಾರಿಕೆಯ ಗಡಿಗೆ ಮೊದಲೇ ಒಂದು ಹೆಜ್ಜೆ ಹತ್ತಿರ ನಿಂತಂತೆ. ಅಳತೆಯೇ ಬೇರೆಯ ಟೈರು ಹಾಕಿದವರ ಪಾಡು ಇನ್ನೂ ಕೆಟ್ಟದ್ದು. 175/65 ಆರ್14ರ ಲೆಕ್ಕದ ಸುತ್ತಳತೆ 185/65 ಆರ್15ಕ್ಕಿಂತ ಶೇ. 6 ಕಡಿಮೆ. ಅದನ್ನು ಒಂದೇ ಮುಂದಿನ ಚಕ್ರಕ್ಕೆ ಹಾಕಿ ದೀಪ ಯಾಕೆ ಮಿನುಗುತ್ತದೆ ಎಂದು ಕೇಳುವ ಹಾಗಿಲ್ಲ.

ವೈರ್: ಹಿಂದಿನ ಆಕ್ಸಲ್ ಮೇಲೆ ಕೆಳಗೆ ಆಡುವ ಕಡೆ ವೈರ್ ಒಳಗೊಳಗೇ ತುಂಡಾಗುವುದು ಮಾಮೂಲಿ. ಹೊರಗಿನ ರಬ್ಬರ್ ನೋಡಲು ಚೆನ್ನಾಗಿಯೇ ಇರುತ್ತದೆ. ಸೆನ್ಸರ್ ಪ್ಲಗ್ ಮತ್ತು ಮಾಡ್ಯೂಲ್ ಪ್ಲಗ್ ಎರಡನ್ನೂ ತೆಗೆದು, ನಡುವಿನ ಎರಡು ತಂತಿಗೂ ಮೀಟರ್ ಹಚ್ಚಿ, ಇನ್ನೊಂದು ಕೈಯಲ್ಲಿ ವೈರನ್ನು ಉದ್ದಕ್ಕೂ ಬಗ್ಗಿಸುತ್ತಾ ಹೋದೆ. 0.4 ಓಮ್, ಎಲ್ಲೂ ಅಲುಗಾಡಲಿಲ್ಲ. ಪ್ಲಗ್ ಪಿನ್ನುಗಳಲ್ಲಿ ಹಸಿರು ಪಾಚಿಯೂ ಇಲ್ಲ.

ಸೆನ್ಸರ್ ಅದಲು ಬದಲು: ಎಡ ಹಿಂದಿನದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ. ಈ ಗಾಡಿಯಲ್ಲಿ ಎರಡೂ ಒಂದೇ ಪಾರ್ಟ್ ನಂಬರ್. ಸೆನ್ಸರನ್ನು ಹಿಡಿದಿರುವುದು ಒಂದೇ ಒಂದು 6 ಮಿ.ಮೀ. ಬೋಲ್ಟ್, ಆದರೆ ಅದರ ಪ್ಲಾಸ್ಟಿಕ್ ಮೈ ತುಕ್ಕಿನಲ್ಲಿ ಕಚ್ಚಿ ಕೂತಿರುತ್ತದೆ. ತಿರುಚಿ ಎಳೆದರೆ ತಲೆ ಕೈಗೆ, ಮೈ ತೂತಿನಲ್ಲೇ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಇಪ್ಪತ್ತು ನಿಮಿಷ ಕಾದು, ಎಡಕ್ಕೆ ಬಲಕ್ಕೆ ಕೂದಲೆಳೆಯಷ್ಟು ಆಡಿಸುತ್ತಾ ತೆಗೆಯಬೇಕು. ಎರಡೂ ಮುರಿಯದೆ ಬಂದವು. ಬೋಲ್ಟಿಗೆ ವಾಪಸ್ 8 ನ್ಯೂಟನ್ ಮೀಟರ್ ಬಿಗಿತ ಸಾಕು.

ಮತ್ತೆ ಓಡಿಸಿದರೆ ದೋಷ ಬಲದಲ್ಲೇ ಉಳಿದಿತ್ತು. ಹೊಸ ಸೆನ್ಸರಿನ ಖರ್ಚು ಉಳಿಯಿತು.

ದಿನ 3: ಎಣಿಕೆ, ಒರೆಸಾಟ, ಮತ್ತು ಮೊದಲ ದೊಡ್ಡ ತಪ್ಪು

ಇದು ಎರಡು ತಂತಿಯ ಆಕ್ಟಿವ್ ಸೆನ್ಸರ್. ಹಳೆಯ ಸುರುಳಿ ಸೆನ್ಸರಿನ ಹಾಗೆ ಓಮ್ ಅಳೆದು ತೀರ್ಪು ಕೊಡಲು ಬರುವುದಿಲ್ಲ. ಅಳೆದರೆ ಬರುವ ಅಂಕಿಗೆ ಅರ್ಥವೂ ಇಲ್ಲ. ಇದು ಎದುರಿಗೆ ಚಕ್ರದ ಜೊತೆ ತಿರುಗುವ ಅಯಸ್ಕಾಂತದ ಉಂಗುರದ ಒಂದು ಧ್ರುವ ಬಂದಾಗ ಸುಮಾರು 7 ಮಿಲಿಆಂಪ್, ಇನ್ನೊಂದು ಬಂದಾಗ ಸುಮಾರು 14 ಮಿಲಿಆಂಪ್ ಎಳೆಯುತ್ತದೆ. ಅದನ್ನು ನೋಡುವ ಬಗೆ:

ಸೆನ್ಸರ್ ಪ್ಲಗ್ ಬಿಚ್ಚಿ, ಗಾಡಿಯ ಕಡೆಯ ಪ್ಲಗ್ಗಿನಲ್ಲಿ ಕೀ ಆನ್ ಮಾಡಿ ಧನ ತಂತಿ ಯಾವುದೆಂದು ಗುರುತು ಹಾಕಿಕೊಳ್ಳಬೇಕು. ಕೀ ಆಫ್ ಮಾಡಿ, ಬೇರೆ 12 ವೋಲ್ಟ್ ಬ್ಯಾಟರಿಯಿಂದ 100 ಓಮ್ ರೆಸಿಸ್ಟರ್ ಮೂಲಕ ಸೆನ್ಸರಿಗೆ ಕರೆಂಟ್ ಕೊಡಬೇಕು. ರೆಸಿಸ್ಟರಿನ ಎರಡು ತುದಿಗೆ ಮೀಟರ್. 7 ಮಿಲಿಆಂಪ್ ಆದರೆ 0.7 ವೋಲ್ಟ್, 14 ಆದರೆ 1.4. ರೆಸಿಸ್ಟರ್ ಬಿಟ್ಟು ನೇರ ಬ್ಯಾಟರಿಗೆ ಕಟ್ಟಿ, ಅದೂ ತಿರುಗಾಮುರುಗಾ ಕಟ್ಟಿದರೆ ಒಳ್ಳೆಯ ಸೆನ್ಸರ್ ಆ ಕ್ಷಣಕ್ಕೇ ಸತ್ತೀತು. ಇತ್ತೀಚಿನ ಕೆಲವು ಸೆನ್ಸರ್‌ಗಳು ತಿರುಗುವ ದಿಕ್ಕನ್ನೂ ಸೇರಿಸಿ ಕಳಿಸುತ್ತವೆ. ಅವುಗಳ ಮುಂದೆ ಮೀಟರ್ ಸಾಲದು, ಸಿಗ್ನಲ್ಲನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪೇ ಬೇಕು.

ಹಿಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಮುಂದಿನ ಚಕ್ರಗಳಿಗೆ ಉರುಳದಂತೆ ಅಡ್ಡ ತುಂಡು ಇಟ್ಟು, ಡ್ರಮ್ಮನ್ನು ಬೆರಳಿನಲ್ಲಿ ತಳ್ಳಿ ಎಣಿಸಿದೆ. 0.7, 1.4, 0.7, 1.4. ಎಡ ಚಕ್ರದಲ್ಲಿ ಒಂದು ಸುತ್ತಿಗೆ 48 ಜೋಡಿ. ಬಲದಲ್ಲಿ 44. ಕಾಣೆಯಾದ ನಾಲ್ಕೂ ಒಂದೇ ಕಡೆ ಸಾಲಾಗಿ. ಡ್ರಮ್ ತಿರುಗುತ್ತಿದ್ದರೂ ಮೀಟರ್ 0.7ರಲ್ಲೇ ಗೂಟದಂತೆ ನಿಂತಿರುತ್ತದೆ, ನಾಲ್ಕು ಬೆರಳಗಲ ದಾಟಿದ ಮೇಲೆ ಮತ್ತೆ ಕುಣಿಯಲು ಶುರು.

ನಿಧಾನ ವೇಗದಲ್ಲಿ ಮಾತ್ರ ಯಾಕೆ ಎಂಬುದೂ ಇಲ್ಲೇ ಬಗೆಹರಿಯಿತು. 1,896 ಮಿ.ಮೀ.ಗೆ 48 ಎಂದರೆ ಒಂದು ಜೋಡಿಗೆ 39.5 ಮಿ.ಮೀ. ರಸ್ತೆ. ನಾಲ್ಕು ತಪ್ಪಿದರೆ ಕೊನೆಗೆ ಕಂಡ ಜೋಡಿಯಿಂದ ಮುಂದೆ ಕಾಣುವ ಜೋಡಿಗೆ ಐದು ಅಂತರ, ಸುಮಾರು 197 ಮಿ.ಮೀ. ದೂರ ಸೆನ್ಸರ್ ಮೌನ. 10 ಕಿ.ಮೀ. ವೇಗದಲ್ಲಿ ಆ ಮೌನ 71 ಮಿಲಿಸೆಕೆಂಡ್, 60ರಲ್ಲಿ 12. ಮೊದಲನೆಯದು ಚಕ್ರ ನಿಂತಂತೆ ಕಾಣುತ್ತದೆ, ಎರಡನೆಯದನ್ನು ಮಾಡ್ಯೂಲ್ ಬೇಡದ ಸಿಗ್ನಲ್ ಎಂದು ಸೋಸಿ ಬಿಡುತ್ತದೆ. ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುವ ಸ್ಕ್ಯಾನರಿನಲ್ಲಿ 30ರ ವೇಗದಲ್ಲಿ ಗ್ರಾಫ್ ನೋಡಿ "ಎಲ್ಲ ಸರಿ ಇದೆ" ಎನ್ನುವವರು ಮೋಸ ಹೋಗುವುದು ಹೀಗೆ.

ಡ್ರಮ್ ಬಿಚ್ಚಿದೆ: ನಡುವಿನ ಧೂಳು ಮುಚ್ಚಳ, 30 ಮಿ.ಮೀ. ನಟ್ಟು, ಬ್ರೇಕ್ ಅಡ್ಜಸ್ಟರ್ ನಾಲ್ಕು ಹಲ್ಲು ಸಡಿಲ. ಒಳಗಿನ ಧೂಳನ್ನು ಗಾಳಿಯಲ್ಲಿ ಊದಬಾರದು, ಬ್ರೇಕ್ ಕ್ಲೀನರಿನಲ್ಲಿ ನೆನೆಸಿ ಒರೆಸಬೇಕು. ಡ್ರಮ್ಮಿನ ನಡುವೆ ಒತ್ತಿ ಕೂರಿಸಿದ ಬೇರಿಂಗ್, ಅದರ ಒಳಮುಖದಲ್ಲಿ ಕಂದುಗಪ್ಪು ರಬ್ಬರಿನ ಚಪ್ಪಟೆ ಉಂಗುರ. ಅದೇ ಎನ್‌ಕೋಡರ್, 48 ಜೋಡಿ ಧ್ರುವಗಳ ಅಯಸ್ಕಾಂತ. ನೋಡಿದರೆ ಮಾಮೂಲಿ ಸೀಲಿನ ಹಾಗೇ ಇದೆ, ಅದೇ ಮುಂದೆ ಕೈಕೊಟ್ಟಿತು. ಅದರ ಮೇಲೆ ಕಬ್ಬಿಣದ ಪುಡಿ ಗಡ್ಡದ ಹಾಗೆ ಬೆಳೆದಿತ್ತು. ಡ್ರಮ್ ಸವೆದು ಉದುರಿದ್ದೆಲ್ಲ ಹೋಗಿ ಕೂರುವುದು ಅಲ್ಲೇ.

ಬಟ್ಟೆಯಲ್ಲಿ ಒರೆಸಿ, ಮತ್ತೆ ಜೋಡಿಸಿ ಎಣಿಸಿದರೆ 46. ಎರಡು ವಾಪಸ್ ಬಂದವು. ಉಳಿದೆರಡು ಒಂದು ಅಂಚಿನಲ್ಲಿ ಗಟ್ಟಿ ಕಟ್ಟಿದ ತುಕ್ಕಿನಡಿ.

ಇಲ್ಲಿ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಆ ತುಕ್ಕನ್ನು ಸ್ಕ್ರೂಡ್ರೈವರಿನ ತುದಿಯಲ್ಲಿ ಕೆರೆದೆ. ಆ ಸ್ಕ್ರೂಡ್ರೈವರ್ ಸ್ಕ್ರೂ ಹಿಡಿದುಕೊಳ್ಳುವ ಅಯಸ್ಕಾಂತದ ತುದಿಯದ್ದು. ರಬ್ಬರಿನ ಮೇಲೆ ಉಗುರಗಲದ ಗೀರು, ಅಂಚು ಮೇಲೆದ್ದಿತು, ಅದರ ಮೇಲೆ ಪರ ಅಯಸ್ಕಾಂತ ಬೇರೆ ಉಜ್ಜಿದ್ದಾಯಿತು. ಮತ್ತೆ ಎಣಿಸಿದಾಗ 41. ಎನ್‌ಕೋಡರಿನ ಹತ್ತಿರ ಅಯಸ್ಕಾಂತದ ತಟ್ಟೆ, ಅಯಸ್ಕಾಂತದ ಟಾರ್ಚು, ಅಂಥ ಸ್ಕ್ರೂಡ್ರೈವರ್ ಯಾವುದೂ ಸುಳಿಯಬಾರದು. ಬಟ್ಟೆ, ಬ್ರೇಕ್ ಕ್ಲೀನರ್, ಹೆಚ್ಚೆಂದರೆ ನೈಲಾನ್ ಬ್ರಷ್. ಅದರಲ್ಲಿ ಹೋಗದ್ದು ಹೋಗುವುದಿಲ್ಲ.

46 ಇದ್ದಾಗಲೂ ಕಡೆಗೆ ಬೇರಿಂಗ್ ಬದಲಿಸಲೇಬೇಕಿತ್ತು ಎಂಬುದು ನಿಜ. ಆದರೆ ಹೊಸದು ಬರುವವರೆಗೆ ಗಾಡಿ ಓಡಿಸಬಹುದಿತ್ತು. 41ಕ್ಕೆ ಇಳಿದ ಮೇಲೆ ಪ್ರತಿ ಬ್ರೇಕಿಗೂ ಪೆಡಲ್ ನಡುಗುತ್ತಿತ್ತು, ಗಾಡಿ ನಿಲ್ಲಿಸಬೇಕಾಯಿತು.

ದಿನ 4: ಹೊಸ ಬೇರಿಂಗ್, ಎರಡನೆಯ ದೊಡ್ಡ ತಪ್ಪು

ಬೇರಿಂಗ್ ಕೊಳ್ಳುವಾಗ ಎರಡು ಮಾತು. ಅದೇ ಅಳತೆಯಲ್ಲಿ ಎನ್‌ಕೋಡರ್ ಇಲ್ಲದ ಬೇರಿಂಗೂ ಸಿಗುತ್ತದೆ, ಡ್ರಮ್ಮಿಗೆ ಸರಿಯಾಗಿ ಕೂರುತ್ತದೆ, ಚಕ್ರವೂ ತಿರುಗುತ್ತದೆ, ಸೆನ್ಸರಿಗೆ ಮಾತ್ರ ಏನೂ ಕಾಣುವುದಿಲ್ಲ. ಎರಡನೆಯದು, ಸರ್ಕ್ಲಿಪ್ (ಬೇರಿಂಗ್ ಹೊರಬರದಂತೆ ಹಿಡಿಯುವ ಸ್ಪ್ರಿಂಗ್ ಉಂಗುರ) ಮತ್ತು ನಟ್ಟು ಹೊಸದೇ ಬೇಕು.

ಹಳೆಯದನ್ನು ತೆಗೆದದ್ದು: ಸರ್ಕ್ಲಿಪ್ ಪ್ಲೈಯರಿನಲ್ಲಿ ಸರ್ಕ್ಲಿಪ್, ಆಮೇಲೆ ಡ್ರಮ್ಮನ್ನು ಸಮವಾಗಿ ಆಧರಿಸಿ ಹೈಡ್ರಾಲಿಕ್ ಪ್ರೆಸ್. ಸುತ್ತಿಗೆ ಬೇಡ, ಡ್ರಮ್ ಬಿರುಕು ಬಿಡುತ್ತದೆ. ಬೇರಿಂಗ್ ಕೂರುವ ಗೂಡನ್ನು ಸ್ವಚ್ಛ ಮಾಡಿ ತೆಳುವಾಗಿ ಎಣ್ಣೆ ಸವರಿದೆ. ಹೊಸದನ್ನು ಒತ್ತುವಾಗ ಒತ್ತಡ ಹೊರ ಉಂಗುರದ ಲೋಹದ ಮೇಲೆ ಮಾತ್ರ ಬೀಳಬೇಕು. ಈ ಬೇರಿಂಗಿನ ಹೊರ ವ್ಯಾಸ 52 ಮಿ.ಮೀ., ಒತ್ತಲು ಬಳಸಿದ ಸ್ಲೀವ್ (ಲೋಹದ ಕೊಳವೆ) 51. ಒಳ ಉಂಗುರದ ಮೇಲೆ ಒತ್ತಿದರೆ ಬಲವೆಲ್ಲ ಗುಂಡುಗಳ ಮೂಲಕ ಹಾಯ್ದು ಓಡುವ ದಾರಿಯಲ್ಲಿ ಕುಳಿ ಬೀಳುತ್ತದೆ, ಸಾವಿರ ಕಿ.ಮೀ.ಯೊಳಗೆ ಗುಂಯ್‌ಗುಡಲು ಶುರು.

ಎಲ್ಲ ಕ್ರಮವಾಗಿ ನಡೆಯಿತು. ಸರ್ಕ್ಲಿಪ್ ಟಕ್ಕೆಂದು ಕೂತಿತು. ಡ್ರಮ್ಮನ್ನು ಸ್ಟಬ್ ಆಕ್ಸಲ್ಲಿಗೆ (ಚಕ್ರ ಕೂರುವ ಗಿಡ್ಡ ಅಚ್ಚಿಗೆ) ಏರಿಸಿ, ಹೊಸ ನಟ್ಟಿಗೆ ಈ ಗಾಡಿಯ ಕೈಪಿಡಿ ಹೇಳುವ 175 ನ್ಯೂಟನ್ ಮೀಟರ್ ಕೊಟ್ಟು (ನಿಮ್ಮದಕ್ಕೆ ನಿಮ್ಮ ಕೈಪಿಡಿ) ಎಣಿಸಲು ಕೂತರೆ ಮೀಟರ್ 0.7. ಒಂದು ಸುತ್ತು, ಎರಡು ಸುತ್ತು, ಹತ್ತು ಸುತ್ತು. 0.7.

ಎನ್‌ಕೋಡರ್ ಮುಖ ಹೊರಗೆ, ಧೂಳು ಮುಚ್ಚಳದ ಕಡೆಗೆ ಕೂತಿತ್ತು. ಎರಡು ಬದಿಯ ಸೀಲೂ ಕಣ್ಣಿಗೆ ಅವಳಿಜವಳಿ. ಒಂದರ ಬಣ್ಣ ತುಸು ಮಂಕು, ಮೇಲ್ಮೈ ತುಸು ಚಪ್ಪಟೆ, ಅಷ್ಟೇ ವ್ಯತ್ಯಾಸ. ಡಬ್ಬಿಯಲ್ಲಿ ಬಂದ ಚೀಟಿಯಲ್ಲಿ ಬಾಣದ ಗುರುತು ಹಾಕಿ ಇದನ್ನೇ ಹೇಳಿದ್ದರು. ಚೀಟಿ ಡಬ್ಬಿಯೊಳಗೇ ಉಳಿದಿತ್ತು.

ಒಮ್ಮೆ ಒತ್ತಿ ಕೂರಿಸಿದ ಬೇರಿಂಗನ್ನು ತೆಗೆದು ತಿರುಗಿಸಿ ಹಾಕಬಹುದೇ? ಇಲ್ಲಿ ತೆಗೆಯಲು ಒತ್ತಡ ಒಳ ಉಂಗುರದ ಮೇಲೆಯೇ ಬೀಳುತ್ತದೆ. ಹೊಸ ಬೇರಿಂಗ್ ಹಳೆಯದರ ಜೊತೆ ಗುಜರಿಗೆ ಹೋಯಿತು.

ದಿನ 5: ಮತ್ತೆ ಮೊದಲಿನಿಂದ

ಎರಡನೆಯ ಬೇರಿಂಗಿನ ಮೇಲೆ ಮೊದಲು ಮ್ಯಾಗ್ನೆಟಿಕ್ ಕಾರ್ಡ್ ಇಟ್ಟೆ. ಬೇರಿಂಗ್ ಮಾರುವವರ ಹತ್ತಿರ ಸಿಗುವ ತೆಳ್ಳಗಿನ ಹಸಿರು ಹಾಳೆ ಅದು. ಎನ್‌ಕೋಡರ್ ಮುಖಕ್ಕೆ ತಾಗಿಸಿದ ಕೂಡಲೇ ಸೂರ್ಯನ ಕಿರಣದ ಹಾಗೆ ಸುತ್ತಲೂ ಸಣ್ಣ ಸಣ್ಣ ಗೆರೆ ಮೂಡುತ್ತವೆ. ಇನ್ನೊಂದು ಮುಖಕ್ಕೆ ಇಟ್ಟರೆ ಹಾಳೆ ಖಾಲಿ. ಗೆರೆಗಳು ಎಲ್ಲೂ ಕಡಿದಿಲ್ಲ, ಸಮವಾಗಿವೆ ಎಂಬುದನ್ನೂ ಅಲ್ಲೇ ನೋಡಿಕೊಳ್ಳಬಹುದು. ಹಳೆಯದರ ಮೇಲೆ ಇಟ್ಟಾಗ ಸ್ಕ್ರೂಡ್ರೈವರ್ ಆಡಿದ ಜಾಗ ಅಳಿಸಿದ ಹಲಗೆಯಂತೆ ಮಸಕಾಗಿತ್ತು. ಈ ಕಾರ್ಡ್ ದಿನ 3ಕ್ಕೇ ಕೈಯಲ್ಲಿದ್ದರೆ ಎಣಿಕೆಯೂ ಬೇಕಿರಲಿಲ್ಲ.

ಹೊರಮುಖಕ್ಕೆ ಮಾರ್ಕರಿನಲ್ಲಿ "ಹೊರಗೆ" ಎಂದು ಬರೆದೇ ಪ್ರೆಸ್ಸಿಗೆ ಇಟ್ಟೆ. ಎನ್‌ಕೋಡರ್ ಇರುವ ಬದಿಯಿಂದ ಒತ್ತಬೇಕಾಗಿ ಬರುವ ಗಾಡಿಗಳಲ್ಲಿ ಸ್ಲೀವಿನ ಬಾಯಿ ರಬ್ಬರಿಗೆ ತಾಗದಷ್ಟು ತೆಳ್ಳಗಿರಬೇಕು. ಒಮ್ಮೆ ಜಜ್ಜಿದರೆ ಮತ್ತೆ ದಿನ 3ರ ಕಥೆಯೇ.

ಜೋಡಿಸಿ, ನಟ್ಟು ಬಿಗಿದು, ಡ್ರಮ್ ತಿರುಗಿಸಿದರೆ 48. ಇನ್ನೊಮ್ಮೆ ಎಣಿಸಿದೆ, 48. ಬ್ರೇಕ್ ಶೂ ಅಡ್ಜಸ್ಟ್ ಮಾಡಿ, ಚಕ್ರದ ಬೋಲ್ಟುಗಳಿಗೆ 105 ನ್ಯೂಟನ್ ಮೀಟರ್.

ದಿನ 6: ಓಡಿಸಿ ನೋಡಿದ್ದು

ಕೋಡ್ ಅಳಿಸಿ ಹೊರಟೆ. ಕೆಲವು ಗಾಡಿಗಳಲ್ಲಿ ದೀಪ ನಿಂತಲ್ಲೇ ಆರುವುದಿಲ್ಲ, ನಾಲ್ಕೂ ಚಕ್ರದ ಸಿಗ್ನಲ್ ಕಂಡ ಮೇಲೆಯೇ ಆರುತ್ತದೆ, ಗಾಬರಿ ಬೇಡ. 5, 10, 15ರ ವೇಗದಲ್ಲಿ ನಾಲ್ಕು ಗೆರೆಯೂ ಒಂದೇ ದಾರದ ಹಾಗೆ. ನಿಲ್ಲುವಾಗ ಪೆಡಲ್ ಶಾಂತ.

ಮಿನುಗದಿರುವುದಷ್ಟೇ ಸಾಲದು, ಮಿನುಗಬೇಕಾದ ಕಡೆ ಮಿನುಗುತ್ತದೆಯೇ ಎಂದೂ ನೋಡಬೇಕು. ಯಾರೂ ಓಡಾಡದ ಜಾಗದಲ್ಲಿ ಎಡ ಮುಂದಿನ ಚಕ್ರವನ್ನು ಸಡಿಲ ಜಲ್ಲಿಯ ಮೇಲೆ, ಉಳಿದ ಮೂರನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಮೊದಲ ಗೇರಿನಲ್ಲಿ ಸ್ವಲ್ಪ ಜೋರಾಗಿ ಹೊರಟೆ. ಎಡ ಚಕ್ರ ಅರ್ಧ ಸುತ್ತು ಜಾರಿತು, ಅಲ್ಲಿ ಬ್ರೇಕ್ ಟರ್‌ರ್ ಎಂದಿತು, ಎಂಜಿನ್ ಸದ್ದು ತಗ್ಗಿತು, ಬಲ ಚಕ್ರ ಎಳೆದುಕೊಂಡು ಹೋಯಿತು. ಗುಂಡಿ ಒತ್ತಿ ಆಫ್ ಮಾಡಿ ಅದೇ ಜಾಗದಲ್ಲಿ ಮತ್ತೊಮ್ಮೆ: ಎಡ ಚಕ್ರ ಜಲ್ಲಿ ತೂರುತ್ತಾ ಗುಂಡಿ ತೋಡಿತು, ಗಾಡಿ ಅಲ್ಲಾಡಲಿಲ್ಲ. ಪೂರ್ತಿ ಮೆತ್ತನೆಯ ಮರಳು, ಆಳದ ಕೆಸರಿನಲ್ಲಿ ಇದು ಉಲ್ಟಾ. ಅಲ್ಲಿ ಚಕ್ರ ಸ್ವಲ್ಪ ಜಾರುತ್ತಲೇ ಇರಬೇಕು, ಎಂಜಿನ್ ಕಟ್ಟಿಹಾಕಿದರೆ ಗಾಡಿ ಹೂತು ಹೋಗುತ್ತದೆ. ಆಗ ಗುಂಡಿ ಒತ್ತಬೇಕು, ಗಟ್ಟಿ ನೆಲ ಸಿಕ್ಕಿದ ಕೂಡಲೇ ಮತ್ತೆ ಆನ್. ಈ ಪರೀಕ್ಷೆಯನ್ನು ಬೆನ್ನು ಬೆನ್ನಿಗೆ ಮಾಡುತ್ತಲೇ ಇರಬಾರದು. ಆ ಒಂದೇ ಚಕ್ರದ ಬ್ರೇಕ್ ಕಾದರೆ, ತಣಿಯುವವರೆಗೆ ಮಾಡ್ಯೂಲ್ ಬ್ರೇಕ್ ಹಾಕುವುದನ್ನೇ ನಿಲ್ಲಿಸುತ್ತದೆ, ಹೊಸ ದೋಷ ಬಂತೆಂದು ತಲೆ ಕೆಡುತ್ತದೆ.

ದೀಪ ಆರದೆ ಉರಿಯುತ್ತಿರುವಾಗ ಓಡಿಸಬಹುದೇ ಎಂದರೆ, ಮಾಮೂಲಿ ಬ್ರೇಕ್ ಇರುತ್ತದೆ, ಟ್ರಾಕ್ಷನ್ ಇರುವುದಿಲ್ಲ, ಜೊತೆಗೆ ಎಬಿಎಸ್ಸೂ ಇಲ್ಲದಿರಬಹುದು. ಕೆಂಪು ಬ್ರೇಕ್ ದೀಪವೂ ಸೇರಿಕೊಂಡರೆ ಬ್ರೇಕ್ ಎಣ್ಣೆ ಕಡಿಮೆಯಾಗಿರಬಹುದು, ಇಲ್ಲವೇ ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕ್ ಹೋಗಬೇಕೆಂದು ಅಳೆಯುವ ಕೆಲಸ ನಿಂತಿರಬಹುದು. ಆಗ ಓಡಿಸಬೇಡಿ.

ಲೆಕ್ಕ: ಬೇರಿಂಗ್ 2 (ಒಂದು ವ್ಯರ್ಥ), ನಟ್ಟು 2, ಸರ್ಕ್ಲಿಪ್ 2, ಧೂಳು ಮುಚ್ಚಳ 1, ಬ್ರೇಕ್ ಕ್ಲೀನರ್ ಒಂದು ಡಬ್ಬಿ, 100 ಓಮ್ ರೆಸಿಸ್ಟರ್ 1, ಮ್ಯಾಗ್ನೆಟಿಕ್ ಕಾರ್ಡ್ 1. ಸೆನ್ಸರ್ 0. ಒಟ್ಟು 11 ಗಂಟೆ, ಅದರಲ್ಲಿ ಸುಮಾರು 5 ಗಂಟೆ ಸ್ಕ್ರೂಡ್ರೈವರ್ ಮತ್ತು ಓದದ ಚೀಟಿಯ ಬಾಬ್ತು.

ಬಾಕಿ ಉಳಿದಿರುವುದು: ಎಡ ಹಿಂದಿನ ಬೇರಿಂಗಿನ ಮೇಲೂ ಪುಡಿ ಕೂತಿತ್ತು. ಬಟ್ಟೆಯಲ್ಲಿ ಒರೆಸಿ ಬಿಟ್ಟಿದ್ದೇನೆ, ಎಣಿಕೆ 48 ಇದೆ. ಮುಂದಿನ ಸಲ ಬ್ರೇಕ್ ಶೂ ನೋಡುವಾಗ ಮತ್ತೆ ಎಣಿಸಬೇಕು. ಮುಂದಿನ ಎರಡು ಟೈರು ಜೋಡಿಯಾಗಿ ಬದಲಾಗಬೇಕು.